ಅತ್ತಿಯ ಸಮುದ್ರಕ್ಕೆ ಉಪ್ಪು ಎಷ್ಟು?

ನಮ್ಮ ಅತ್ತಿಯ ದೆಸೆಯಿಂದ ಕಲಬುರಗಿಗೆ ಸಮುದ್ರ ಬರುವುದು ಇನ್ನೇನು ಸ್ವಲ್ಪ ದಿನದ ಮಾತು! ನಗಬೇಡಿ. ಸಮುದ್ರದ ದಂಡೆಯ ಗಿಡಗಳು ಆಗಲೇ ನಮ್ಮ ಮಾಳಿಗೆಯ ಮೇಲೆ ಬಂದು ಕೂತಿವೆ. ಅಂದರೆ ಕೆಲವು ಕೂತಿವೆ, ಬಹಳಷ್ಟು ಮಲಗಿಬಿಟ್ಟಿವೆ. ಉಪ್ಪು ಬಂದಿದೆ. ಉಪ್ಪಿನ ಗಾಳಿಯೂ ಒಂದು ಬೇಸಿಗೆ ಬೀಸಿ ಹೋಗಿದೆ. ಉಳಿದಿರುವುದು ನೀರೊಂದೇ. ಅದು ನಮ್ಮೂರಿನಲ್ಲಿ ನಳಕ್ಕೇ ಸರಿಯಾಗಿ ಬರುವುದಿಲ್ಲ, ಸಮುದ್ರಕ್ಕೆ ಎಲ್ಲಿಂದ ಬರಬೇಕು?

ಅತ್ತಿ ಅಂದರೆ ನಮ್ಮಪ್ಪನ ತಂಗಿ. ಗಂಡನ ತಾಯಿ ಎಂದು ತಿಳಿದು ನನ್ನ ಮೇಲೆ ಕನಿಕರ ಪಡಬೇಡಿ, ಆ ಕನಿಕರಕ್ಕೆ ಬೇರೆ ಹಕ್ಕುದಾರರಿದ್ದಾರೆ. ಅತ್ತಿಗೆ ಮದುವೆಯಾಗಲಿಲ್ಲ. ಕಮಲಾಪುರದ ಸರ್ಕಾರಿ ದವಾಖಾನೆಯಲ್ಲಿ ನರ್ಸಾಗಿದ್ದು ನಿವೃತ್ತಳಾದಳು. ಅವ್ವ ತೀರಿಕೊಂಡ ಮೇಲೆ ಕಲಬುರಗಿಯ ಈ ಮನೆಯಲ್ಲಿ ಅಪ್ಪ, ಅತ್ತಿ ಮತ್ತು ಕಾಲೇಜಿನಲ್ಲಿ ಪಾಠ ಹೇಳುವ ನಾನು, ಮೂವರೇ.

ನಿವೃತ್ತರಾದ ಹೆಂಗಸರು ಭಜನೆಗೆ ಹೋಗುತ್ತಾರೆ, ಇಲ್ಲವೇ ಸೊಸೆಯ ಮೇಲೆ ಚಾಡಿ ಹೇಳುತ್ತಾರೆ. ಅತ್ತಿಗೆ ಭಜನೆಗೆ ಕಂಠವಿಲ್ಲ, ಚಾಡಿಗೆ ಸೊಸೆಯಿಲ್ಲ. ಹಾಗಾಗಿ ಮೊಬೈಲಿನಲ್ಲಿ ಒಬ್ಬ ವಿದೇಶಿ ಅಜ್ಜಿಯನ್ನು ಹುಡುಕಿಕೊಂಡಳು. ತಲೆಯ ಮೇಲೆ ಹುಲ್ಲಿನ ಟೊಪ್ಪಿಗೆ, ಮೊಣಕಾಲಿನ ತನಕ ರಬ್ಬರ್ ಬೂಟು, ಬೆನ್ನ ಹಿಂದೆ ನೀಲಿ ಸಮುದ್ರ! ಸಮಶೀತೋಷ್ಣ ಕರಾವಳಿಯ ಕೈತೋಟಕ್ಕೆ ಎಂಥ ಗಿಡ ಆರಿಸಬೇಕು ಎಂಬುದೇ ಆ ಅಜ್ಜಿಯ ಜೀವನದ ಏಕೈಕ ಚಿಂತೆ.

"ಸಮಶೀತೋಷ್ಣ ಅಂದ್ರೇನವಾ?" ಎಂದು ಅತ್ತಿ ಕೇಳಿದಳು.

"ಥಂಡೀನೂ ಹದ, ಬಿಸಿಲೂ ಹದ, ಅತ್ತಿ."

"ಹಂಗಾದ್ರ ಅರ್ಧ ನಮ್ಮೂರಿಗೂ ಹೊಂದತದ. ಬಿಸಿಲಂತೂ ಅದ."

ಇದಾದ ಮೇಲೆ ನಾವು ರೋಜಾ ಬಡಾವಣೆಗೆ ಹೋಗುವ ದಾರಿಯ ನರ್ಸರಿಗೆ ಹೋದೆವು. ಅತ್ತಿ ಲ್ಯಾವೆಂಡರ್ ಕೇಳಿದಳು, ಹೈಡ್ರೇಂಜಿಯ ಕೇಳಿದಳು, ನನಗೂ ನಾಲಿಗೆ ಹೊರಳದ ಇನ್ನೇನೇನೋ ಕೇಳಿದಳು. ನರ್ಸರಿಯ ಚಾಚಾ ಕೈಯಲ್ಲಿದ್ದ ಪೈಪು ಕೆಳಗಿಟ್ಟ. "ಅಮ್ಮಾ, ಖಸಮ್ ಸೇ ಹೇಳ್ತೀನಿ, ಇದು ಗುಲ್ಬರ್ಗಾದ ಧೂಪ್ ಅದ, ಬಿಸಿಲು. ಇಲ್ಲಿ ಪ್ಲಾಸ್ಟಿಕ್ ಹೂವನೂ ಬಾಡ್ತಾವ!" ಎಂದ. ಅತ್ತಿ ಜಗ್ಗಲಿಲ್ಲ. ಹೈದರಾಬಾದಿನಿಂದ ತರಿಸಿಕೊಟ್ಟ. ತರಿಸಿಕೊಡುವಾಗ, ಮಗಳನ್ನು ದೂರದೂರಿಗೆ ಕೊಡುವ ತಂದೆಯ ಹಾಗೆ ಆ ಗಿಡಗಳ ಎಲೆ ಸವರಿದ.

ವಿದೇಶಿ ಅಜ್ಜಿ ಲ್ಯಾವೆಂಡರನ್ನು ಪೂರ್ತಿ ಬಿಸಿಲಿನಲ್ಲಿಡಿ ಅಂದಿದ್ದಳು. ಅವಳ ದೇಶದ ಸೂರ್ಯ ರಜೆ ಹಾಕಿ ಹಾಕಿ ಕೆಲಸ ಮಾಡುವವನು. ನಮ್ಮ ಸೂರ್ಯನಿಗೆ ವಾರದ ರಜೆಯೂ ಇಲ್ಲವೆಂದು ಅವಳಿಗೇನು ಗೊತ್ತು? ಬೆಳಿಗ್ಗೆ ಇಟ್ಟ ಗಿಡವನ್ನು ಸಂಜೆಗೆ ಮುಟ್ಟಿದರೆ ಕೈಯಲ್ಲಿ ಪುಡಿಯಾಯಿತು. ಅತ್ತಿ ಅಳಲಿಲ್ಲ, ದವಾಖಾನೆಯಲ್ಲಿ ಅವಳು ಎಂಥೆಂಥದೋ ನೋಡಿದವಳು. ಆ ಪುಡಿಯನ್ನು ಅರಿವೆಯಲ್ಲಿ ಕಟ್ಟಿ ಸೀರೆಯ ಕಪಾಟಿನಲ್ಲಿಟ್ಟಳು. "ಹೋದ ಪೇಷಂಟ್ ಛಲೋ ವಾಸನಿ ಬಿಟ್ಟು ಹೋಗ್ಯದ" ಅಂದಳು.

ಹೌದು, ಅವಳ ಪಾಲಿಗೆ ಅವು ಗಿಡಗಳಲ್ಲ, ಪೇಷಂಟುಗಳು. ಬೆಳಿಗ್ಗೆ ರೌಂಡ್ಸ್. ಬಾಡಿದವು ಹಿತ್ತಲಿನ ಮೆಟ್ಟಿಲ ಜೀನೆಯ ಕೆಳಗಿನ ನೆರಳಿಗೆ, ಅದು ಐಸಿಯು. ಕುಂಡದ ಮಣ್ಣಿನಲ್ಲಿ ಜ್ವರ ನೋಡುವ ಕಡ್ಡಿ! ಸೋಮವಾರ ಸೋಮವಾರ ಒಂದೊಂದು ಕುಂಡದ ನೀರಿಗೆ ಒಂದು ಚಿಟಿಕೆ ಉಪ್ಪು. ಯಾಕೆ ಅಂದರೆ, ಸಮುದ್ರದ ಕಡೆಯ ಗಿಡಗಳು ತವರನ್ನು ನೆನೆದು ಕೊರಗಬಾರದಂತೆ!

"ಗಿಡಕ್ಕ ನೀರು ಹಾಕಾಕತ್ತಾಳೋ, ಸಾರು ಮಾಡಾಕತ್ತಾಳೋ?" ಎಂದು ಅಪ್ಪ ಕೆಳಗಿನಿಂದಲೇ ಕೂಗುತ್ತಿದ್ದ. ಮೊಣಕಾಲು ನೋವಿನ ನೆವದಲ್ಲಿ ಅವನು ಮಾಳಿಗೆ ಹತ್ತುವುದನ್ನು ಬಿಟ್ಟು ವರ್ಷಗಳಾಗಿದ್ದವು. ಟೀಕೆ ಮಾಡಲು ಮಾಳಿಗೆ ಹತ್ತಬೇಕೆಂದೇನೂ ಇಲ್ಲವಲ್ಲ.

ಡಿಸೆಂಬರಿನಲ್ಲಿ ಇನ್ನೊಂದು ಪ್ರಸಂಗ. ಹಿಮ ಬೀಳುವ ಮೊದಲು ಗಿಡಗಳನ್ನು ಬಿಳಿ ಬಟ್ಟೆಯಿಂದ ಮುಚ್ಚಿ ಎಂದು ವಿದೇಶಿ ಅಜ್ಜಿಯ ಅಪ್ಪಣೆಯಾಯಿತು. ಕಲಬುರಗಿಯಲ್ಲಿ ಹಿಮ! ಫ್ರಿಜ್ಜಿನಲ್ಲೇ ಬೀಳುವುದು ಕಷ್ಟ. ಆದರೆ ಡಾಕ್ಟರು ಬರೆದದ್ದನ್ನು ನರ್ಸು ಪ್ರಶ್ನಿಸುವುದುಂಟೇ? ಅಪ್ಪನ ಹಳೆಯ ಧೋತರಗಳನ್ನು ಹೊದಿಸಿ ಗಿಡಗಳನ್ನು ಸಾಲಾಗಿ ಮಲಗಿಸಿದಳು. ಬೆಳಿಗ್ಗೆ ಎದುರು ಮನೆಯಾಕೆ ತಮ್ಮ ಕಿಟಕಿಯಿಂದ ಅದನ್ನು ನೋಡಿ, ತಲೆಯ ಮೇಲೆ ಸೆರಗು ಹೊದ್ದು, ಕಣ್ಣು ಒರೆಸಿಕೊಳ್ಳುತ್ತಲೇ ಬಂದರು. "ಅಕ್ಕಾರ, ಹ್ಯಾಂಗಾಯ್ತ್ರಿ? ನಿನ್ನಿ ಸಂಜೀಕ ಅಣ್ಣಾರು ಛಲೋನ ಇದ್ರಲ್ರಿ!" ಅಂಗಳದಲ್ಲಿ ಪೇಪರ್ ಓದುತ್ತಿದ್ದ ಅಪ್ಪ ಪೇಪರ್ ಕೆಳಗಿಳಿಸಿದ. "ಇನ್ನೂ ಇದ್ದೀನ್ರವಾ. ಚಹಾ ಕುಡದು ಹೋಗ್ರಿ" ಅಂದ.

ಆ ಅಜ್ಜಿಯ ಮುಖ್ಯ ಸೂತ್ರವನ್ನು ಹೇಳುವುದೇ ಮರೆತೆ. ತೋಟದಲ್ಲಿ ಮೂರರಲ್ಲಿ ಎರಡು ಪಾಲು ಆ ನೆಲದ್ದೇ ಗಿಡ ಇರಬೇಕು, ಒಂದು ಪಾಲು ಅಲಂಕಾರದ ಗಿಡ. ಅತ್ತಿ ಈ ಸೂತ್ರವನ್ನು ಮನುಷ್ಯರಿಗೂ ಹಚ್ಚಿಬಿಟ್ಟಳು. ಅವಳ ಲೆಕ್ಕದಲ್ಲಿ ಅಪ್ಪ ಅಲಂಕಾರದ ಗಿಡ. "ಕುಂತಲ್ಲೇ ಕುಂದರ್ತಾನ. ಟೈಮಿಗೆ ನೀರು ಹಾಕಬೇಕು. ಹಣ್ಣಿಲ್ಲ, ನೆಳ್ಳಿಲ್ಲ. ಬಂದೋರು ಮಾತ್ರ ನೋಡಿ, ಎಷ್ಟ ಛಂದ ಅದಾರ ಅಂತಾರ!" ಮಾತು ಸುಳ್ಳೇನಲ್ಲ. ನಮ್ಮಪ್ಪ ತನ್ನ ಕೈಯಾರೆ ಒಂದು ತಂಬಿಗೆ ನೀರು ತುಂಬಿಕೊಂಡದ್ದನ್ನು ನಾನು ನೋಡಿಲ್ಲ. ಅವನ ನೀರಡಿಕೆ ಯಾವಾಗಲೂ ಹೆಂಗಸರ ಕೆಲಸವಾಗಿತ್ತು.

ಇನ್ನು ಉಪ್ಪಿನ ಗಾಳಿಯ ಕಥೆಗೆ ಬರೋಣ. ಬೇಸಿಗೆಯಲ್ಲಿ ನಮ್ಮ ಕಡೆಯ ಗಂಡಸರಿಗೆ ಕೂಲರೇ ಕುಲದೇವರು. ಅಪ್ಪ ಅದರ ಮುಂದೆ ಕೂತರೆ ಮಧ್ಯಾಹ್ನದ ಊಟಕ್ಕೂ ಪೂರ್ತಿ ಏಳುವುದಿಲ್ಲ, ಅರ್ಧ ಏಳುತ್ತಾನೆ. ಅವನು ಮುಂಜಾನೆ ಗುಡಿಗೆ ಹೋದಾಗ ಅತ್ತಿ ಆ ಕೂಲರನ್ನು ಒಬ್ಬಳೇ ಹಿತ್ತಲಿಗೆ ನೂಕಿಕೊಂಡು ಹೋಗಿ, ಅದರ ನೀರಿಗೆ ಕಲ್ಲುಪ್ಪು ಸುರಿದು, ಐಸಿಯುದಲ್ಲಿದ್ದ ಗಿಡಗಳ ಕಡೆ ಮುಖ ಮಾಡಿ ಬಿಡುತ್ತಿದ್ದಳು. ಅವನು ಬರುವ ಹೊತ್ತಿಗೆ ಕೂಲರು ಯಥಾಸ್ಥಾನದಲ್ಲಿ! ಅದೇ ನೀರು, ಅದೇ ಉಪ್ಪು.

"ಯಾಕೋ ತುಟಿ ಉಪ್ಪುಪ್ಪ ಆಗಾಕತ್ತಾವ" ಎಂದು ಅಪ್ಪ ತುಟಿ ನೆಕ್ಕಿಕೊಂಡ. ಅತ್ತಿ ಗಂಭೀರವಾಗಿ ಬಿ.ಪಿ. ನೋಡಿದಳು. "ಸ್ವಲ್ಪ ಜಾಸ್ತಿ ಅದ. ಸಿಟ್ಟು ಕಡಿಮಿ ಮಾಡು" ಅಂದಳು.

ತಿಂಗಳಾಗುವ ಹೊತ್ತಿಗೆ ಕೂಲರಿನ ಮೋಟರು ಒಂದು ಸಲ ಕೆಮ್ಮಿ ಸುಮ್ಮನಾಯಿತು. ಕಪನೂರದಿಂದ ಮೆಕ್ಯಾನಿಕ್ ಬಂದ. ಬಿಚ್ಚಿ ನೋಡಿದ. ಬೆರಳಿಗೆ ಹತ್ತಿದ್ದನ್ನು ನಾಲಿಗೆಗೆ ಮುಟ್ಟಿಸಿಕೊಂಡು ಮುಖ ಹುಳ್ಳಗೆ ಮಾಡಿದ. "ಸಾಹೇಬ್ರ, ಇದರಾಗ ಉಪ್ಪಿನಕಾಯಿ ಹಾಕಿದ್ರೇನ್ರಿ?"

ಅಪ್ಪನ ಕೂಗು ಓಣಿಯ ತುದಿಗೆ ಮುಟ್ಟಿತು. ಹುಚ್ಚಿ ಅಂದ, ತಲೆ ಕೆಟ್ಟದ ಅಂದ, ಮಾಳಿಗೆ ಮೇಲಿನ ಕುಂಡ ಎಲ್ಲ ಒಗೀತೀನಿ ಅಂದ. ಅವನು ಮುಗಿಸಿದ ಮೇಲೆ ಅತ್ತಿ ಬಹಳ ಮೆತ್ತಗೆ ಹೇಳಿದಳು: "ಉಪ್ಪಿನ ಗಾಳಿ ನಮ್ಮ ಮಂದಿಗೆ ಒಗ್ಗೂದಿಲ್ಲ ಅಂತ ಅವತ್ತು ನೀನ ಹೇಳಿದ್ದಿ, ಅಣ್ಣಾ. ಒಗ್ತದೋ ಇಲ್ಲೋ ನೋಡಾಕತ್ತಿದ್ದೆ. ಒಂದು ತಿಂಗಳು ತಗೊಂಡಿ. ನಿನಗೇನೂ ಆಗ್ಲಿಲ್ಲ."

ಮೆಕ್ಯಾನಿಕ್ ತಲೆ ತಗ್ಗಿಸಿ ಸ್ಕ್ರೂ ತಿರುಗಿಸತೊಡಗಿದ. ಅಪ್ಪ ಎದ್ದು ಒಳಗೆ ಹೋದ.

ಇಲ್ಲಿಯವರೆಗೆ ನಗಿಸಿದೆ, ಇನ್ನು ನನ್ನ ಕೈಲಾಗುವುದಿಲ್ಲ. ಅತ್ತಿ ನರ್ಸಿಂಗ್ ಮುಗಿಸಿದಾಗ ಅವಳಿಗೆ ಮೊದಲ ನೌಕರಿ ಸಿಕ್ಕದ್ದು ಕಡಲ ತೀರದ ಒಂದು ಊರಿನಲ್ಲಿ. ಟ್ರಂಕು ತಯಾರಾಗಿತ್ತು. ಆಗ ಅಪ್ಪ, ಮನೆಯ ಯಜಮಾನ, ಕಾರಣಗಳನ್ನು ಒಂದೊಂದಾಗಿ ಹೊರಗೆ ತೆಗೆದ. ಅಲ್ಲಿ ಬರೀ ಮೀನು ತಿನ್ನುತ್ತಾರೆ. ಹುಡುಗಿ ಕಪ್ಪಾಗುತ್ತಾಳೆ, ಗಂಡು ಸಿಗುವುದಿಲ್ಲ. ಎಲ್ಲಕ್ಕಿಂತ ದೊಡ್ಡದು, ಉಪ್ಪಿನ ಗಾಳಿ ನಮ್ಮ ಮಂದಿಗೆ ಒಗ್ಗುವುದಿಲ್ಲ! ಖರೇ ಕಾರಣ ಕಮಲಾಪುರದ ಮನೆಯ ಒಳಕೋಣೆಯಲ್ಲಿ ಮಲಗಿತ್ತು. ನಮ್ಮಜ್ಜಿಗೆ ಲಕ್ವಾ ಹೊಡೆದಿತ್ತು, ಮನೆಗೆ ಒಬ್ಬ ಪುಕಟ ನರ್ಸು ಬೇಕಾಗಿದ್ದಳು. ಅಜ್ಜಿ ಬಹಳ ವರ್ಷ ಬದುಕಿದಳು. ಅವಳಾದ ಮೇಲೆ ನಮ್ಮವ್ವನ ಬಾಣಂತನ, ಆಮೇಲೆ ನಮ್ಮವ್ವನ ಕ್ಯಾನ್ಸರು. ಕಪ್ಪಾಗದೆ ಉಳಿದ ಹುಡುಗಿಗೆ ಗಂಡು ಹುಡುಕಲು ಯಾರಿಗೂ ಪುರಸೊತ್ತಾಗಲಿಲ್ಲ. ಸಮುದ್ರವನ್ನು ಅತ್ತಿ ಇವತ್ತಿನವರೆಗೆ ನೋಡಿಲ್ಲ. ನನಗೆ ಇದನ್ನು ನೆನೆದಾಗೆಲ್ಲ ಮೈ ಉರಿಯುತ್ತದೆ. ಅಪ್ಪನಿಗೆ ಚಹಾ ಕೊಡುವಾಗ ಕಪ್ಪನ್ನು ಸ್ವಲ್ಪ ಜೋರಾಗಿಯೇ ಇಡುತ್ತೇನೆ.

ಮಳೆಗಾಲ ಶುರುವಾದಾಗ ಅತ್ತಿ "ಆ ಎರಡು ಪಾಲಿನ ಗಿಡ" ತರೋಣವೆಂದು ನನ್ನನ್ನು ಕಮಲಾಪುರಕ್ಕೆ ಎಳೆದುಕೊಂಡು ಹೋದಳು. ಅಲ್ಲಿನ ನೆಲದ ಗಿಡವೆಂದರೆ ಮೊದಲು ಕೆಂಪು ಬಾಳೆ. ನಮ್ಮ ಸಂಬಂಧಿಕರ ಹೊಲದಲ್ಲಿ ಒಂದು ಕಂದು, ಬುಡದ ಮರಿಗಿಡ, ಕೇಳಿದೆವು. ತೋಟದ ಮುದುಕ ಕಂದು ಕಿತ್ತುಕೊಟ್ಟ, ಜೊತೆಗೆ ಬುದ್ಧಿಯನ್ನೂ ಕೊಟ್ಟ: "ಸಿಸ್ಟರಮ್ಮ, ಒಯ್ಯೂದೇನೋ ಒಯ್ರಿ. ಇದು ಈ ಮಣ್ಣಿಗೇ ಸೈ. ಬ್ಯಾರೆ ಕಡಿ ಹಚ್ಚಿದ್ರ ಈ ಬಣ್ಣ ಬರೂದಿಲ್ಲ, ಈ ರುಚಿ ಬರೂದಿಲ್ಲ."

"ನಮ್ಮ ಮನ್ಯಾಗೂ ಹಂಗ ಹೇಳಿದ್ರಪಾ" ಎಂದಳು ಅತ್ತಿ, ಕಂದನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತ. "ಹಚ್ಚಿ ನೋಡಿದೋರು ಯಾರು?"

ಬಸ್ಸಿಗಾಗಿ ಕಾಯುವಾಗ ರಸ್ತೆಯ ಬದಿಯ ಎಕ್ಕೆಯ ಗಿಡವೊಂದನ್ನು ಬೇರುಸಹಿತ ಅಗೆದಳು. ಸುತ್ತಲಿದ್ದವರು ನಕ್ಕರು. ಅತ್ತಿ ನನ್ನ ಕೈಗೆ ಮೊಬೈಲ್ ಕೊಟ್ಟಳು. ಈ ಸಲ ವಿದೇಶಿ ಅಜ್ಜಿಯಲ್ಲ, ನಮ್ಮದೇ ಕರಾವಳಿಯ ಯಾರೋ ತೆಗೆದ ವಿಡಿಯೊ. ಬಿಳಿ ಮರಳು, ತೆರೆ, ಮರಳಿನ ಅಂಚಿನಲ್ಲಿ ಸಾಲಾಗಿ ನಿಂತ ಎಕ್ಕೆ! ಅದೇ ಬೂದು ಎಲೆ, ಅದೇ ನೇರಳೆ ಹೂವು.

"ನೋಡಿದ್ಯಾ? ನಮ್ಮ ತಿಪ್ಪಿ ಮ್ಯಾಲಿನ ಎಕ್ಕಿ, ಸಮುದ್ರದ ದಂಡಿ ಮ್ಯಾಲೆ ನಿಂತದ. ಇದಕ್ಕ ಒಗ್ಗೂದಿಲ್ಲಂತ ಯಾರೂ ಹೇಳಿಲ್ಲ ನೋಡು, ಅದಕ್ಕ ಹೋಗ್ಯದ."

ನನಗೆ ತಡೆಯಲಾಗಲಿಲ್ಲ. ಬಸ್ಸಿನಲ್ಲಿ ಕೂತಲ್ಲಿಯೇ, ಮೊಬೈಲಿನಲ್ಲಿ, ಇಬ್ಬರಿಗೂ ಸಮುದ್ರದ ಕಡೆಗೆ ಟಿಕೆಟ್ ಮಾಡಿಸಿದೆ. ಮನೆಗೆ ಬಂದು ಅಪ್ಪನ ಎದುರಿಗೇ, ಬೇಕೆಂದೇ, ಜೋರಾಗಿ ಹೇಳಿದೆ. ಅತ್ತಿಯ ಮುಖ ಅರಳಿತು. ಅರಳಿದ್ದು ಹಾಗೇ ಮುಚ್ಚಿಕೊಂಡಿತು.

"ನಾ ಹ್ಯಾಂಗ ಬರ್ಲೆವಾ? ಗಿಡಕ್ಕ ನೀರು ಹಾಕೋರು ಯಾರು? ಬಾಳಿ ಕಂದು ಈಗ ಬಂದದ. ಪೇಷಂಟ್ ಬಿಟ್ಟು ಹೋಗೋ ನರ್ಸ್ ಅಲ್ಲ ನಾ."

ನನಗೆ ಗಿಡಗಳ ಮೇಲೂ ಸಿಟ್ಟು ಬಂತು. ಜನ್ಮವೆಲ್ಲ ನಮಗೆ ನೀರು ಹಾಕಿದಳು, ಈಗ ಇವುಗಳಿಗೆ! ಎದುರು ಮನೆಯಾಕೆಗೆ ಹೇಳೋಣ ಅಂದೆ. ಅವರಿಗೆ ತಿಳಿಯೂದಿಲ್ಲ ಅಂದಳು. ಸತ್ತರೆ ಸಾಯಲಿ ಅಂದೆ. ನನ್ನನ್ನು ಒಮ್ಮೆ ನೋಡಿದಳು, ಬಾಳೆಯ ಕಂದು ಎತ್ತಿಕೊಂಡು ಮಾಳಿಗೆಗೆ ಹೋದಳು. ಟಿಕೆಟ್ ರದ್ದು ಮಾಡುವುದೊಂದೇ ಉಳಿಯಿತು ಅಂದುಕೊಂಡು ಕೂತೆ.

ಮರುದಿನ ಬೆಳಿಗ್ಗೆ ಅತ್ತಿಯ ರೌಂಡ್ಸಿನ ಹೊತ್ತು. ನಾನೂ ಮೇಲಿದ್ದೆ. ಜೀನೆಯಲ್ಲಿ ಯಾರೋ ಏದುಸಿರು ಬಿಡುವ ಸದ್ದು. ಒಂದು ಮೆಟ್ಟಿಲು, ನಿಲ್ಲುವುದು, ಮತ್ತೊಂದು ಮೆಟ್ಟಿಲು. ಮೊದಲು ಬಕೀಟಿನ ಹಿಡಿಕೆ ಕಂಡಿತು, ಆಮೇಲೆ ಅಪ್ಪ. ಅರ್ಧ ನೀರು ಧೋತರದ ಮೇಲೆಯೇ ಚೆಲ್ಲಿಕೊಂಡಿದ್ದ. ಹಿಡಿಯಲು ಹೋದ ನನ್ನ ಕೈಯನ್ನು ಸರಿಸಿದ. ಬಕೀಟು ಕೆಳಗಿಟ್ಟು, ಗೋಡೆ ಹಿಡಿದು, ಕುಂಡಗಳನ್ನೆಲ್ಲ ಮೊದಲ ಸಲ ನೋಡಿದ. ಬಹಳ ಹೊತ್ತು ಎಕ್ಕೆಯನ್ನೇ ನೋಡಿದ. ತಂಗಿಯ ಮುಖ ನೋಡಲು ಮಾತ್ರ ಅವನಿಂದಾಗಲಿಲ್ಲ.

"ನೀ ಹೋಗಿ ಬಾ" ಅಂದ. "ನಾ ಹಾಕ್ತೀನಿ. ಸೋಮವಾರ ಬಂದ್ರ, ಉಪ್ಪು ಎಷ್ಟು ಹಾಕಬೇಕು ಹೇಳು."

ಅತ್ತಿ ಕೈಯಲ್ಲಿದ್ದ ಚಂಬನ್ನು ಹಾಗೇ ಹಿಡಿದುಕೊಂಡು ನಿಂತಳು. ಆಮೇಲೆ ಅವನ ಒದ್ದೆ ಧೋತರದ ಅಂಚನ್ನು ಬಗ್ಗಿ ಹಿಂಡಿದಳು, ಪೇಷಂಟಿಗೆ ಮಾಡುವ ಹಾಗೆ.

"ಬರೀ ನೀರು ಹಾಕು ಸಾಕು, ಅಣ್ಣಾ" ಅಂದಳು. "ಉಪ್ಪು ನಾ ತರ್ತೀನಿ."