ಟವರ್ ಮಲಗಿದ ದಿನ

ಓಬಳಮ್ಮ ಸಂಡಿಗೆ ಇಟ್ಟಿದ್ದು ಟವರಿನ ಸೋಲಾರ್ ಪ್ಯಾನೆಲ್ ಮೇಲೆ. ಗ್ರಹಚಾರ ಅಲ್ಲಿಂದಲೇ ಶುರುವಾಯಿತು.

ಹೆಬ್ಬೂರಿನ ಹೊಸ ಫೈವ್‌ಜಿ ಟವರ್ ನೋಡಿಕೊಳ್ಳುವ ಗಂಗಾಧರನಿಗೆ ಅವತ್ತು ಪರೀಕ್ಷೆ. ಸಂಜೆಯವರೆಗೆ ಟವರು ಬಿಸಿಲು, ಬ್ಯಾಟರಿಯಲ್ಲೇ ನಡೆಯಬೇಕು. ಡೀಸೆಲ್ ಜನರೇಟರ್ ಒಂದು ಸಲವೂ ಕೆಮ್ಮಬಾರದು. ಕೆಮ್ಮದಿದ್ದರೆ ರಾತ್ರಿ ಕಾವಲು ತಪ್ಪಿ ತುಮಕೂರಿಗೆ ವರ್ಗ. ಅಲ್ಲಿನ ಉಪ್ಪಾರಹಳ್ಳಿಯ ಮನೆಯಲ್ಲಿ ಮಗಳು ಇಂಪನಾ ಅಪ್ಪನನ್ನು ಭಾನುವಾರದ ನೆಂಟ ಅಂದುಕೊಂಡೇ ಬೆಳೆಯುತ್ತಿದ್ದಳು.

"ಅಜ್ಜಿ, ತೆಗೀರಿ ಇದನ್ನ!"

"ಹಸಿ ಐತೆ ಕಣ್ಲಾ, ಮುಟ್ಟಿದ್ರೆ ಗಂಜಿ ಆಯ್ತದೆ. ಕೆಳಗಿಟ್ರೆ ನಾಯಿ ಕಾಟ. ಗಾಜು ಎಷ್ಟು ಚೆನ್ನಾಗಿ ಕಾದೈತೆ ನೋಡು!"

ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ, ಉಪವಾಸವಿದ್ದವರ ಮುಖದಂತೆ ಇಳಿದಿತ್ತು. ಉಳಿದದ್ದು ಒಂದೇ ದಾರಿ. ಮಾತಾಡುವವರು ಕಡಿಮೆಯಾದರೆ ಈ ಹೊಸ ಟವರು ತಾನೇ ತೂಕಡಿಸಿ ಕರೆಂಟ್ ಉಳಿಸುತ್ತದೆ. ಗಂಗಾಧರ ಹಾಲಿನ ಡೈರಿಯ ವೆಂಕಟರಂಗಯ್ಯನ ಬಳಿ ಗುಟ್ಟಾಗಿ ಹೇಳಿದ: "ಸಂಜೆವರ್ಗೂ ಸ್ವಲ್ಪ ಫೋನ್ ಕಮ್ಮಿ ಮಾಡ್ಸಿ ಅಣ್ಣ."

ವೆಂಕಟರಂಗಯ್ಯನಿಗೆ ಸ್ವಲ್ಪ ಅನ್ನುವುದು ಗೊತ್ತಿಲ್ಲ. ಡೈರಿಯ ಮೈಕು ಹಿಡಿದ: "ನಮ್ಮ ಗಂಗಾಧರನ ಸಂಸಾರದ ಪ್ರಶ್ನೆ! ಯಾರೂ ಫೋನ್ ಮುಟ್ಟಂಗಿಲ್ಲ!"

ಊರಿಗೆ ಊರೇ ಫೋನ್ ಆಫ್ ಮಾಡಿತು. ಮಂಜುಳಮ್ಮ ಮಹಡಿ ಹತ್ತಿ ಮೂರು ಬೀದಿಯಾಚೆಯ ತಂಗಿಯೊಂದಿಗೆ ಕೂಗಿ ಜಗಳವಾಡಿದಳು. ಕೊಬ್ಬರಿ ರೇಟು ಕೇಳಲು ರಂಗರಾಜು ಬೈಕಿನಲ್ಲಿ ಗುಬ್ಬಿಗೇ ಹೊರಟ. ಅವನ ಹಿಂದಿನ ಕಪ್ಪು ಹೊಗೆ ನೋಡಿ ಗಂಗಾಧರನ ಮನಸ್ಸಿಗೆ ಏನೋ ಚುಚ್ಚಿತು. ಗಾಳಿಗೆ ಹೊಗೆ ತಪ್ಪಿಸಿದ್ದೆಷ್ಟು, ಕೊಟ್ಟಿದ್ದೆಷ್ಟು? ಮಗಳ ಮುಖ ನೆನೆದು ಬ್ಯಾಟರಿಯ ಮೀಟರಿನತ್ತ ತಿರುಗಿದ.

ಸಂಜೆ ತಪಾಸಣೆಗೆ ಬಂದ ಇಂಜಿನಿಯರ್ ತೇಜಸ್ವಿನಿ ಲ್ಯಾಪ್‌ಟಾಪ್ ನೋಡಿ ಹುಬ್ಬೇರಿಸಿದರು. "ಒಂದು ತೊಟ್ಟೂ ಡೀಸೆಲ್ ಉರಿದಿಲ್ಲ! ಭೇಷ್ ಗಂಗಾಧರ್! ಆದ್ರೆ ಮಧ್ಯಾಹ್ನದ ಮೇಲೆ ಒಂದು ಫೋನ್ ಕಾಲೂ ಇಲ್ವಲ್ಲ? ಇಲ್ಲಿ ಟವರ್ ಯಾರಿಗೆ ಬೇಕು?"

"ಬಳಸ್ತಾರೆ ಮೇಡಂ, ತುಂಬಾ ಬಳಸ್ತಾರೆ!"

ಸುತ್ತ ನೆರೆದಿದ್ದವರಿಗೆ ಅವನನ್ನು ಉಳಿಸುವ ಆತುರ. ವೆಂಕಟರಂಗಯ್ಯ ಎದೆ ತಟ್ಟಿಕೊಂಡ: "ಸುಳ್ಳು ಮೇಡಂ! ನಮ್ಮೂರಲ್ಲಿ ಫೋನ್ ಅನ್ನೋದನ್ನೇ ಯಾರೂ ಮುಟ್ಟಲ್ಲ!"

"ಹೌದೌದು!" ಅಂತು ಊರು.

ಫೋನ್ ಆಫ್ ಮಾಡಿಸಿದ ನಿಜ ಹೇಳಿದರೆ ಪರೀಕ್ಷೆಯೇ ಮೋಸ ಅಂತಾಗುತ್ತದೆ.

"ಹಾಗಾದ್ರೆ ಟವರ್ ಬಿಚ್ಚಿ ಹುತ್ರಿದುರ್ಗಕ್ಕೆ ಹಾಕಿಸ್ತೀನಿ. ಇನ್ನೂ ದೂರದ ಬೆಟ್ಟದ ಊರು, ಡೀಸೆಲ್ ಸಾಗ್ಸೋದೇ ಕಷ್ಟ. ಉಳಿಸೋದು ನಿಮಗೇ ಚೆನ್ನಾಗಿ ಗೊತ್ತು, ನೀವೇ ಜೊತೇಲಿ ಹೋಗಿ."

ಜೀಪು ಹೊರಟಿತು. ಗಂಗಾಧರ ಮನೆಗೆ ಸುದ್ದಿ ಹೇಳಲು ಫೋನ್ ತೆಗೆದ. ಓಬಳಮ್ಮ ಓಡಿಬಂದು ಅವನ ಕೈ ಹಿಡಿದಳು.

"ಏನ್ಲಾ, ನಿನಗೋಸ್ಕರ ಊರೆಲ್ಲಾ ಬಾಯಿ ಕಟ್ಕೊಂಡು ಕುಂತೈತೆ, ನೀನೇ ಫೋನ್ ಮಾಡ್ತೀಯಾ?"