ಮೂರನೇ ನಂಬರಿನ ಕ್ರೀಮು

ಜನ ಹೊಟ್ಟೆಗೆ ಏನು ಹೋಗುತ್ತಿದೆ ಅಂತ ಕೇಳುವುದು ಕಡಿಮೆ. ಮುಖಕ್ಕೆ ಹಚ್ಚುವ ಕ್ರೀಮಿಗೆ ಮಾತ್ರ ಲಾಯರು ಸಾಕ್ಷಿಗೆ ಹಾಕುವ ಹಾಗೆ ಪ್ರಶ್ನೆ ಹಾಕುತ್ತಾರೆ. ಅದಕ್ಕೇ ಇರಬೇಕು, ಕ್ರೀಮು ಮಾಡುವ ಕಡೆ ಕೆಲಸಕ್ಕಿದ್ದವನು ನಗುವುದಕ್ಕೆ ಹೊರಗೆಲ್ಲೂ ಹೋಗಬೇಕಾಗಿಲ್ಲ. ಪ್ರಸಂಗಗಳೇ ಗೇಟು ತಳ್ಳಿಕೊಂಡು ಒಳಗೆ ಬರುತ್ತವೆ.

ನಾನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಆಮೇಲೆ ಶಿವಾಜಿನಗರದಲ್ಲಿ ಗಾಡಿ ಸ್ಪೇರು ಮಾರಿದೆ, ಹಲಸೂರಿನಲ್ಲಿ ಹೂವಿನ ಮೂಟೆ ಹೊತ್ತೆ, ಮಹದೇವಪುರದಲ್ಲಿ ಕ್ಯಾಬು ಓಡಿಸಿದೆ. ಯಾವುದರಲ್ಲೂ ಒಂದು ಮಳೆಗಾಲ ದಾಟಲಿಲ್ಲ. ಕೆ.ಆರ್. ಪುರದ ಈ ಶೀಟಿನ ಶೆಡ್ಡಿನಲ್ಲಿ ಮಾತ್ರ ಎರಡು ವರ್ಷ ಕಾಲು ನಿಂತಿದೆ. ಶೆಡ್ಡು ನಮ್ಮ ಮೇಡಂದು. ದೊಡ್ಡ ಕಂಪನಿಯೊಂದರಲ್ಲಿ ಕೆಮಿಸ್ಟ್ ಆಗಿದ್ದವರು, ಬಿಟ್ಟು ಸ್ವಂತಕ್ಕೆ ಕ್ರೀಮು ಮಾಡಲು ಶುರು ಮಾಡಿದ್ದರು. ಫ್ಯಾಕ್ಟರಿ ಅಂದರೆ ಅವರು, ನಾನು, ಒಂದು ಸ್ಟೀಲಿನ ಕೊಳಗ, ಅದರಲ್ಲಿ ತಿರುಗುವ ಒಂದು ಮಿಕ್ಸರು, ಅಷ್ಟೇ. ವಿಮಾನಪುರದಲ್ಲಿರುವ ಅವರ ತಂದೆ ಒಂದೇ ಮಾತು ಹೇಳಿದ್ದರು: "ಯುಗಾದಿ ಒಳಗೆ ಒಂದು ದೊಡ್ಡ ಆರ್ಡರ್ ತಂದು ತೋರಿಸಮ್ಮ. ಇಲ್ಲಾಂದ್ರೆ ಶೆಡ್ಡಿಗೆ ಬೀಗ ಹಾಕಿ ಹಳೇ ಕೆಲಸಕ್ಕೆ ಹೋಗು." ಮೇಡಂ ಹ್ಞೂಂ ಅಂದುಬಿಟ್ಟಿದ್ದರು. ಆ ಒಂದು ಆರ್ಡರಿನ ಹಿಂದೆ ನಾವು ಅಲೆದಾಗ ನಡೆದ ಪ್ರಸಂಗಗಳು ಇವು.

ನೀರು ತೆಗೆಯಿರಿ

ಇಂದಿರಾನಗರದಲ್ಲಿ ಸೌಂದರ್ಯದ ಸಾಮಾನಿನ ಅಂಗಡಿ ಇಟ್ಟಿರುವ ಓನರಮ್ಮ ಒಬ್ಬರು, ತಮ್ಮದೇ ಹೆಸರಿನಲ್ಲಿ ಒಂದು ಫೇಸ್ ಕ್ರೀಮು ಬಿಡಬೇಕು ಅಂತ ನಮ್ಮ ಶೆಡ್ಡಿಗೆ ಬಂದರು. ಅವರದು ಮಾತು ಕಮ್ಮಿ. ಆ ಕೊರತೆ ತುಂಬಿಕೊಡಲು ಜೊತೆಯಲ್ಲಿ ಒಬ್ಬ ಮಾರ್ಕೆಟಿಂಗ್‌ನವನು ಇದ್ದ. ಕೂತ ಕೂಡಲೇ ಲ್ಯಾಪ್‌ಟಾಪ್ ಬಿಚ್ಚಿ ಓದಿದ:

"ಕೆಮಿಕಲ್ ಇರಬಾರದು. ಪ್ರಿಸರ್ವೇಟಿವ್ ಇರಬಾರದು. ಎರಡು ವರ್ಷ ಕೆಡಬಾರದು."

ಮೇಡಂ ಸಮಾಧಾನವಾಗಿಯೇ ಹೇಳಿದರು. "ಪ್ರಪಂಚದಲ್ಲಿ ಮುಟ್ಟೋದಕ್ಕೆ ಸಿಗೋದೆಲ್ಲಾ ಕೆಮಿಕಲ್ಲೇ ಸಾರ್. ಈ ಕ್ರೀಮಲ್ಲಿ ಮುಕ್ಕಾಲು ಭಾಗ ನೀರು. ನೀರೂ ಕೆಮಿಕಲ್ಲೇ."

ದಿನಾ ಕೊಳಗಕ್ಕೆ ನೀರು ಸುರಿಯುವವನು ನಾನು. ಇಷ್ಟು ದಿನ ಕೆಮಿಕಲ್ ಸುರಿಯುತ್ತಿದ್ದೇನೆ ಅಂತ ನನಗೂ ಗೊತ್ತಿರಲಿಲ್ಲ. ಅವನಿಗಂತೂ ಆಘಾತವೇ ಆಯಿತು.

"ನೀರು ಕೆಮಿಕಲ್ಲಾ? ಗ್ಯಾರಂಟಿನಾ?"

"ಗ್ಯಾರಂಟಿ."

ಅವನು ಕಣ್ಣು ಮುಚ್ಚಿ ಯೋಚಿಸಿ ಹೇಳಿದ: "ಹಂಗಾದ್ರೆ ನೀರು ತೆಗೆದುಬಿಡಿ ಮೇಡಂ. ರೋಸ್ ವಾಟರ್ ಹಾಕಿ."

ಕೈ ಮೇಲೆ ಆರು ಮನೆ

ಎಣ್ಣೆಯೂ ನೀರೂ ಬೆರೆಯುವುದಿಲ್ಲ ಅಂತ ನನಗೆ ಗೊತ್ತಿತ್ತು. ಕ್ರೀಮಿನಲ್ಲಿ ಅವೆರಡೂ ಹೇಗೆ ಒಂದೇ ಡಬ್ಬಿಯಲ್ಲಿ ಜಗಳವಿಲ್ಲದೆ ಇರುತ್ತವೆ ಅಂತ ಮೇಡಂನ ಕೇಳಿದೆ. ನಡುವೆ ಒಂದು ಮೇಣದಂಥ ಪದಾರ್ಥ ಹಾಕುತ್ತಾರಂತೆ. ಅದು ಒಂದು ಕೈಯಲ್ಲಿ ಎಣ್ಣೆ ಹಿಡಿಯುತ್ತೆ, ಇನ್ನೊಂದು ಕೈಯಲ್ಲಿ ನೀರು ಹಿಡಿಯುತ್ತೆ. "ಮದುವೆ ಬ್ರೋಕರ್ ಇದ್ದ ಹಾಗೆ ಅನ್ನಿ," ಅಂದೆ. ಮೇಡಂ ನಕ್ಕು, "ಬ್ರೋಕರ್ ಕೆಲಸ ಮುಗಿಸಿ ಹೊರಟುಹೋಗ್ತಾನೆ. ಇದು ಕೊನೇವರೆಗೂ ಮಧ್ಯದಲ್ಲೇ ನಿಂತಿರಬೇಕು," ಅಂದರು.

ಹಾಗೆ ಆರು ಥರ ಮಾಡಿ ಆರು ಸ್ಯಾಂಪಲ್ ಆಯಿತು. ತುರಿಕೆ ಬರುತ್ತೋ ಇಲ್ಲವೋ ನೋಡಬೇಕಲ್ಲ. ಮೇಡಂ ಮೊದಲು ತಮ್ಮ ಕೈಗೆ ಹಚ್ಚಿಕೊಂಡರು, ಆಮೇಲೆ ನನ್ನ ಕೈಗೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಒಳಗಡೆ ಪೆನ್ನಿನಲ್ಲಿ ಆರು ಚೌಕ ಬರೆದು, ಒಂದರಿಂದ ಆರರವರೆಗೆ ನಂಬರು ಹಾಕಿ, ಒಂದೊಂದು ಚೌಕಕ್ಕೂ ಒಂದೊಂದು ಕ್ರೀಮು. ಎರಡು ದಿನ ಒರೆಸೋ ಹಾಗಿಲ್ಲ.

ಆ ಎರಡು ದಿನದಲ್ಲೇ ಹಲಸೂರಿನ ನಮ್ಮ ಅಕ್ಕ ಹೆಣ್ಣು ನೋಡುವ ಶಾಸ್ತ್ರ ಇಟ್ಟಿದ್ದಳು. ಉದ್ದ ತೋಳಿನ ಶರಟು ಹಾಕಿಕೊಂಡೇ ಹೋದೆ. ಕಾಫಿ ಲೋಟ ತೆಗೆದುಕೊಳ್ಳಲು ಕೈ ಚಾಚಿದಾಗ ತೋಳು ಮೇಲಕ್ಕೆ ಸರಿಯಿತು. ಹುಡುಗಿಯ ತಂದೆ ನನ್ನ ಕೈಯನ್ನೇ ನೋಡಿ, "ಏನಪ್ಪಾ ಅದು, ನಂಬರು?" ಅಂದರು.

ಮುಚ್ಚಿಡಲು ಹೋದರೆ ಇನ್ನೇನೋ ಅಂದುಕೊಂಡಾರು ಅಂತ ಪೂರ್ತಿ ತೋಳು ಮಡಚಿ ತೋರಿಸಿದೆ. ನಾಲ್ಕನೇ ಚೌಕ ಕೆಂಪಗೆ ಊದಿತ್ತು. ಒಂದು ಎರಡು ಸುಮ್ಮನಿದ್ದವು. ಐದು ಆರು ಜಿಡ್ಡು. ಮೂರನೇ ಚೌಕದ ಚರ್ಮ ಮಾತ್ರ ಮಗುವಿನ ಕೆನ್ನೆಯ ಹಾಗೆ ಇತ್ತು. ತಂದೆ ಹಿಂದಕ್ಕೆ ಸರಿದು ಕೂತರು. ತಾಯಿ ಕನ್ನಡಕ ಹಾಕಿಕೊಂಡು ಮುಂದಕ್ಕೆ ಬಂದರು.

ಸಂಜೆ ಎರಡು ಫೋನು ಬಂದವು. ಸಂಬಂಧ ಬೇಡ ಅಂತ ಅಕ್ಕನಿಗೆ. ಮೂರನೇ ನಂಬರು ಮುಖದ ಕಪ್ಪು ಬಂಗಿಗೆ ಆಗುತ್ತಾ ಅಂತ ನನಗೆ.

ಉರಿಯಲಿಲ್ಲ

ಮೂರನೇ ನಂಬರೇ ಅಂತ ತೀರ್ಮಾನವಾಯಿತು. ಮಾರ್ಕೆಟಿಂಗ್‌ನವನು ಫೋನಿನಲ್ಲಿ, "ಹೆಂಗಸರು ಏನಂತಾರೆ ನೋಡಿ ಹೇಳಿ," ಅಂದ. ಹಲಸೂರು ಮಾರ್ಕೆಟ್ಟಿನ ಹಿಂದೆ ಪಾರ್ಲರ್ ಇಟ್ಟಿರುವ ತಮಿಳು ಅಕ್ಕ ಒಬ್ಬಳಿಗೆ ಹತ್ತು ಡಬ್ಬಿ ಕೊಟ್ಟುಬಂದೆ. ಒಂದು ವಾರ ಬಿಟ್ಟು ಹೋದರೆ ಅಕ್ಕ ಮುಖ ಗಂಟು ಹಾಕಿ ಕೂತಿದ್ದಳು.

"ಏನು ತಂಬಿ ನಿಮ್ಮ ಕ್ರೀಮು, ಒಂಚೂರೂ ಉರಿಯಲ್ಲ."

"ಉರಿಯಬಾರದು ಅಂತಾನೇ ಅಲ್ವಾ ಅಕ್ಕ ಮಾಡಿರೋದು?"

"ಅದು ನಿಂಗೆ ಗೊತ್ತು, ನಂಗೆ ಗೊತ್ತು. ದುಡ್ಡು ಕೊಟ್ಟು ಮಲಗಿರೋರಿಗೆ ಗೊತ್ತಾಗ್ಬೇಕಲ್ಲ. ಸ್ವಲ್ಪ ಜುಂ ಅನ್ನಬೇಕು ತಂಬಿ. ಇಲ್ಲಾಂದ್ರೆ 'ಸುಮ್ನೆ ಬೆಣ್ಣೆ ಹಚ್ಚಿದ್ದಾಳೆ' ಅಂತಾರೆ."

ಇದನ್ನು ಮೇಡಂಗೆ ಹೇಳಿದೆ. ಪುದೀನದ ಹರಳು ಒಂದು ಚಿಟಿಕೆ ಹಾಕಿದರೆ ಜುಂ ಅನ್ನುತ್ತೆ, ಆದರೆ ಅದರಿಂದ ಚರ್ಮಕ್ಕೆ ಒಂದು ಲಾಭವೂ ಇಲ್ಲ ಅಂದರು. "ಉರಿ ಅಂದ್ರೆ ಕೆಲಸ ಮಾಡ್ತಿದೆ ಅಂತ ಅಲ್ಲ. ಚರ್ಮ ಬೈತಿದೆ ಅಂತ." ಹಾಕುವುದಿಲ್ಲ ಅಂದರೆ ಇಲ್ಲ. ಗಾಯಕ್ಕೆ ಅಯೋಡಿನ್ ಹಚ್ಚಿದಾಗ ಚುರ್ ಅಂದರೇನೇ ನಮ್ಮಜ್ಜಿಗೆ ನಂಬಿಕೆ ಬರುತ್ತಿದ್ದದ್ದು ನೆನಪಾಯಿತು. ಔಷಧಿ ನಮ್ಮನ್ನು ಸ್ವಲ್ಪ ಹೊಡೆಯಬೇಕು ಅಂತ ಯಾರು ಹೇಳಿಕೊಟ್ಟರೋ.

ಹದಿನೈದು ದಿನ ಬಿಟ್ಟು ಅಕ್ಕನೇ ಫೋನು ಮಾಡಿದಳು. "ತಂಬಿ, ಇನ್ನೂ ಹತ್ತು ಡಬ್ಬಿ ಬೇಕು. ಎಲ್ಲರೂ ಸೂಪರ್ ಪವರ್ ಇದೆ ಅಂತಿದ್ದಾರೆ."

"ಅದೇ ಕ್ರೀಮಲ್ವಾ ಅಕ್ಕ?"

"ಕ್ರೀಮು ಅದೇ. ಮುಂಚೆ ಕ್ರೀಮ್ ಹಚ್ಚಿ ಆಮೇಲೆ ಥ್ರೆಡಿಂಗ್ ಮಾಡ್ತಿದ್ದೆ. ಈಗ ಮೊದಲು ಹುಬ್ಬು, ಮೇಲುತುಟಿ ಎಲ್ಲಾ ದಾರದಲ್ಲಿ ಕಿತ್ತುಬಿಟ್ಟು, ಆಮೇಲೆ ಹಚ್ತೀನಿ."

ಭಟ್ಟಿಯ ಕಟ್ಟೆ

ಎರಡು ವರ್ಷ ಕೆಡುವುದಿಲ್ಲ ಅಂತ ಹೇಳಲು ಎರಡು ವರ್ಷ ಕಾಯುವ ಹಾಗಿಲ್ಲ. ಬಿಸಿಯಲ್ಲಿ ಕೆಲವು ವಾರ ಇಟ್ಟರೆ ಮುಂದೆ ಆಗುವುದೆಲ್ಲ ಬೇಗ ಆಗಿ ಒಂದು ಅಂದಾಜು ಸಿಗುತ್ತದಂತೆ. ಅದಕ್ಕೊಂದು ಪೆಟ್ಟಿಗೆಯಂಥ ಮಿಷನ್ ಇತ್ತು. ಕರೆಂಟು ಹೋಗಿ ಬಂದ ಒಂದು ದಿನ ಅದು ಸುಟ್ಟುಹೋಯಿತು. ರಿಪೇರಿಯವನು ಯುಗಾದಿ ಆದಮೇಲೆ ಬರುತ್ತೇನೆ ಅಂದ.

ನಾನು ಶಿವಾಜಿನಗರದಲ್ಲಿ ಒಬ್ಬ ಬೇಕರಿ ಭಾಯ್‌ನ ಬಲ್ಲೆ. ಅವನ ಭಟ್ಟಿಯ ಪಕ್ಕದ ಕಟ್ಟೆ ಹಗಲೂ ರಾತ್ರಿ ಒಂದೇ ಸಮ ಬೆಚ್ಚಗಿರುತ್ತದೆ. ಮೇಡಂ ಥರ್ಮಾಮೀಟರ್ ಕೊಟ್ಟು ಕಳಿಸಿದರು. ಬೇಕಾದಷ್ಟೇ ಬಿಸಿ ಇತ್ತು. ಮೂರನೇ ನಂಬರಿನ ಆರು ಡಬ್ಬಿ ಸಾಲಾಗಿ ಇಟ್ಟು ಬಂದೆ. ವಾರಕ್ಕೊಮ್ಮೆ ಹೋಗಿ ಬಣ್ಣ ನೋಡಿ, ವಾಸನೆ ನೋಡಿ, ತೂಕ ಹಾಕಿ ಬರೆದುಕೊಂಡು ಬರುವುದು ನನ್ನ ಕೆಲಸ.

ಬಣ್ಣ ಸರಿ ಇತ್ತು. ವಾಸನೆ ಸರಿ ಇತ್ತು. ತೂಕ ಮಾತ್ರ ಪ್ರತಿ ವಾರ ಇಳಿಯುತ್ತಿತ್ತು, ಅದೂ ಒಂದೇ ಡಬ್ಬಿಯಲ್ಲಿ. ಮೇಡಂ ಮುಖ ಸಣ್ಣಗಾಯಿತು. ಮುಚ್ಚಳ ಸಡಿಲವೇ? ನೀರು ಆವಿಯಾಗಿ ಹೋಗುತ್ತಿದೆಯೇ? ಹಾಗಾದರೆ ಉಳಿದ ಐದರಲ್ಲಿ ಯಾಕೆ ಹೋಗುತ್ತಿಲ್ಲ? ಪುಸ್ತಕಗಳನ್ನೆಲ್ಲ ತಿರುವಿ ಹಾಕಿದರು, ಹಳೇ ಕಂಪನಿಯ ಸ್ನೇಹಿತರಿಗೆ ಫೋನು ಮಾಡಿದರು. ಕ್ರೀಮು ನಿಲ್ಲದಿದ್ದರೆ ಆರ್ಡರೂ ಇಲ್ಲ.

ನಾಲ್ಕನೇ ವಾರ ಹೋದಾಗ ಭಾಯ್ ಅಂಗಿ ಬಿಚ್ಚಿ ಹಿಟ್ಟು ನಾದುತ್ತಿದ್ದ. ಇಪ್ಪತ್ತು ವರ್ಷದಿಂದ ಭಟ್ಟಿಯ ಶಾಖಕ್ಕೆ ಒಡೆದು ಬಿರುಕಾಗಿದ್ದ ಅವನ ಮೊಣಕೈಗಳು ಹೊಸ ಬನ್ನಿನ ಹಾಗೆ ಮಿಂಚುತ್ತಿದ್ದವು. ನಾನು ನೋಡುತ್ತಾ ನಿಂತದ್ದು ಕಂಡು ಅವನೇ ಹೇಳಿದ:

"ಮಸ್ತ್ ಮಾಲು ಗುರು. ಒಂದು ತಿಂಗಳಾಯ್ತು, ದಿನಾ ಚೆಕ್ ಮಾಡ್ತಿದೀನಿ, ಒಂದು ದಿನವೂ ಕೆಟ್ಟಿಲ್ಲ. ನಿಮ್ಮ ಮೇಡಂಗೆ ಹೇಳು, ಟೆನ್ಷನ್ ಬೇಡ."

ಮೇಡಂ ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡುವವರು. ತೂಕ ಇಳಿಯಲು ಕಾರಣ ಅನ್ನುವ ಜಾಗದಲ್ಲಿ ಅವತ್ತು ಬರೆದರು: "ಮೊಣಕೈ."

ಸಾರಿನ ಅರಿಶಿನ

ಯುಗಾದಿಗೆ ಒಂದು ತಿಂಗಳಿತ್ತು. ಓನರಮ್ಮನೂ ಮಾರ್ಕೆಟಿಂಗ್‌ನವನೂ ಮತ್ತೆ ಬಂದರು. ಕ್ರೀಮು ಇಬ್ಬರಿಗೂ ಇಷ್ಟವಾಯಿತು. ಆಮೇಲೆ ಅವನು ಲೇಬಲ್ಲಿನ ಮಾತು ತೆಗೆದ. ಪ್ರಿಸರ್ವೇಟಿವ್ ಇಲ್ಲ ಅಂತ ದಪ್ಪ ಅಕ್ಷರದಲ್ಲಿ ಇರಲೇಬೇಕು.

"ಹಾಕದೆ ಇದ್ರೆ ಬೂಷ್ಟು ಬರುತ್ತೆ ಸಾರ್," ಅಂದರು ಮೇಡಂ. "ನೀರಿದ್ದ ಕಡೆ ಏನಾದ್ರೂ ಹುಟ್ಟುತ್ತೆ. ಹಾಕಿರೋದು ಚಿಟಿಕೆಯಷ್ಟು. ಮೊಸರನ್ನಕ್ಕೆ ಫ್ರಿಜ್ ಇದ್ದ ಹಾಗೆ."

"ಅರಿಶಿನ ಹಾಕಿ ಮೇಡಂ. ಅರಿಶಿನಾನೇ ನ್ಯಾಚುರಲ್ ಪ್ರಿಸರ್ವೇಟಿವ್."

ನನಗೆ ನಿಜವಾಗಿಯೂ ಗೊತ್ತಾಗದೆ ಕೇಳಿದೆ. "ಸಾರ್, ನಮ್ಮನೇಲಿ ದಿನಾ ಸಾರಿಗೆ ಅರಿಶಿನ ಹಾಕ್ತಾರೆ. ಮಾರನೇ ದಿನ ಮಧ್ಯಾಹ್ನಕ್ಕೆ ಹಳಸಿರುತ್ತಲ್ಲ, ಯಾಕೆ?"

ಅವನು ನನ್ನನ್ನು ಕನಿಕರದಿಂದ ನೋಡಿದ. "ನೀವು ಆರ್ಗ್ಯಾನಿಕ್ ಅರಿಶಿನ ಹಾಕಲ್ಲ, ಅದಕ್ಕೆ."

ಎರಡು ಡಬ್ಬಿ

ಆ ದಿನ ಮಾತು ಅಲ್ಲಿಗೆ ನಿಲ್ಲಲಿಲ್ಲ. "ಪ್ರಿಸರ್ವೇಟಿವ್ ಹಾಕಿ, ಲೇಬಲ್ ಮೇಲೆ ಇಲ್ಲ ಅಂತ ಬರೆದುಬಿಡಿ. ಯಾರು ನೋಡ್ತಾರೆ?" ಅಂದ ಅವನು. ಮೇಡಂ ಎದ್ದು ನಿಂತರು. "ಇರೋದನ್ನ ಇಲ್ಲ ಅಂತ ನಾನು ಬರೆಯಲ್ಲ. ಅದೇ ಬೇಕಾದ್ರೆ ಬೇರೆ ಶೆಡ್ಡು ನೋಡ್ಕೊಳ್ಳಿ."

ನನಗಂತೂ ಶೆಡ್ಡಿಗೆ ಬೀಗ ಬಿದ್ದದ್ದು ಕಣ್ಣಿಗೇ ಕಂಡಿತು. ಓನರಮ್ಮ ಮಾತ್ರ ಏಳಲಿಲ್ಲ. "ಬೂಷ್ಟು ಬಂದೇ ಬರುತ್ತಾ?" ಅಂತ ಕೇಳಿದರು. ಮೇಡಂ ಎರಡು ಡಬ್ಬಿ ತಂದು ಅವರ ಮುಂದಿಟ್ಟರು. ನೀಲಿ ಮುಚ್ಚಳದ್ದರಲ್ಲಿ ಪ್ರಿಸರ್ವೇಟಿವ್ ಇದೆ, ಬಿಳಿಯದರಲ್ಲಿ ಇಲ್ಲ. "ಎರಡನ್ನೂ ನಿಮ್ಮ ಬಾತ್‌ರೂಮಲ್ಲಿ ಇಡಿ. ಮುಖಕ್ಕೆ ಹಚ್ಚಬೇಡಿ. ಮನೇಲಿ ಎಲ್ಲರೂ ದಿನಾ ಒದ್ದೆ ಬೆರಳು ಒಂದೊಂದು ಸಲ ಅದ್ದಿ, ಬೆರಳು ತೊಳ್ಕೊಂಡುಬಿಡಿ. ಮೂರು ವಾರ. ಆಮೇಲೆ ನೀವೇ ತೆಗೆದು ನೋಡಿ. ಏನೂ ಆಗದಿದ್ರೆ ಪ್ರಿಸರ್ವೇಟಿವ್ ಹಾಕದೇನೇ ಮಾಡಿಕೊಡ್ತೀನಿ."

ಆ ಮೂರು ವಾರ ಮೇಡಂ ಊಟ ಸರಿಯಾಗಿ ಮಾಡಲಿಲ್ಲ. ಬೂಷ್ಟು ಬರಲಿ ಅಂತ ನಾನು ಹಲಸೂರಿನ ದೇವಸ್ಥಾನದಲ್ಲಿ ಕೈ ಮುಗಿದೆ. ಯಾವ ದೇವರಿಗೂ ಆ ಬೇಡಿಕೆ ಹಿಂದೆ ಬಂದಿರಲಿಕ್ಕಿಲ್ಲ.

ಯುಗಾದಿಗೆ ಒಂದು ವಾರ ಇರುವಾಗ ಇಂದಿರಾನಗರದಿಂದ ಕರೆ ಬಂತು. ಅಂಗಡಿಯ ಮೇಲಿನ ಮಹಡಿಯಲ್ಲಿ ಮೇಜಿನ ಮೇಲೆ ಎರಡೂ ಡಬ್ಬಿ ಇದ್ದವು. ಓನರಮ್ಮ ನೀಲಿ ಮುಚ್ಚಳ ತೆಗೆದರು. ಕ್ರೀಮು ಮೊದಲ ದಿನ ಇದ್ದ ಹಾಗೇ ಬೆಳ್ಳಗಿತ್ತು. ಬಿಳಿ ಮುಚ್ಚಳ ತೆಗೆದರು. ಒಳಗೆ ಬೂದು ಬಣ್ಣದ ನುಣ್ಣನೆಯ ರೋಮ ಬೆಳೆದು, ನಡುವೆ ಒಂದೆರಡು ಕಡೆ ಹಸಿರು ಚುಕ್ಕೆ ಇಟ್ಟು, ಸಣ್ಣ ಬೆಕ್ಕಿನ ಮರಿ ಸುರುಳಿ ಸುತ್ತಿ ಮಲಗಿದ ಹಾಗಿತ್ತು.

ಓನರಮ್ಮ ನೀಲಿ ಡಬ್ಬಿಯನ್ನು ಮೇಡಂ ಕಡೆ ತಳ್ಳಿದರು. "ಇದನ್ನೇ ಮಾಡಿಕೊಡಿ. ಒಳಗೆ ಏನಿದೆಯೋ ಅದನ್ನೇ ಬರೀರಿ. ಮೊದಲನೇ ಸಲಕ್ಕೆ ಐದು ಸಾವಿರ ಡಬ್ಬಿ ಇರಲಿ." ಮೇಡಂ ಸರಿ ಅಂತ ತಲೆ ಆಡಿಸಿ, ಬಾಗಿಲ ಹೊರಗೆ ಹೋಗಿ ತಂದೆಗೆ ಫೋನು ಹಚ್ಚಿದರು.

ಅವರು ಕಣ್ಣು ಒರೆಸಿಕೊಂಡು ವಾಪಸು ಬರುವಾಗಲೂ ಮಾರ್ಕೆಟಿಂಗ್‌ನವನು ಬಿಳಿ ಡಬ್ಬಿಯನ್ನು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸುತ್ತಲೇ ಇದ್ದ.

"ಮೇಡಂ, ಇದಕ್ಕೆ ಜೀವ ಇದೆ ಅಲ್ವಾ?"

"ಇದೆ ಸಾರ್. ಅದೇ ತೊಂದರೆ."

"ತೊಂದರೆ ಯಾಕೆ? ಮೊಸರಲ್ಲಿ ಜೀವ ಇದೆ ಅಂದ್ರೆ ಜನ ಡಬಲ್ ಕೊಟ್ಟು ತಗೋತಾರೆ. ಇದನ್ನ 'ಜೀವಂತ ಕ್ರೀಮ್' ಅಂತ ಬಿಡಬಹುದು. ಇನ್ನೂ ಯಾರೂ ಬಿಟ್ಟಿಲ್ಲ."

ಮೇಡಂ ನನ್ನ ಮುಖ ನೋಡಿದರು. ನಾನು ಓನರಮ್ಮನ ಮುಖ ನೋಡಿದೆ. ಅವರು ಕಿಟಕಿ ನೋಡುತ್ತಿದ್ದರು. ಅವನು ಕುರ್ಚಿಯನ್ನು ಮೇಡಂ ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿ ಕೇಳಿದ:

"ಒಂದೇ ಒಂದು ಡೌಟು ಮೇಡಂ. ಈ ಬೂಷ್ಟು ಎರಡು ವರ್ಷ ಕೆಡದೆ ಇರ್ಬೇಕು ಅಂದ್ರೆ, ಇದಕ್ಕೇನು ಹಾಕ್ಬೇಕು?"