ಕಾಕಾನ ಗಾಳಿಚಿಂತೆ

ಮಕ್ಕಳೇ, ನಮ್ಮ ಮನೆಯಲ್ಲಿ ಗಾಳಿಗೂ ಒಬ್ಬ ಕಾವಲುಗಾರರಿದ್ದರು ಎಂದರೆ ನೀವು ನಗುತ್ತೀರಿ. ನಗಿರಿ! ಅವರು ನಿಮ್ಮ ಅಜ್ಜನ ಕಾಕಾ. ಸಾಂಗಲಿಯ ಪೇಟೆಯಲ್ಲಿ ಅರಿಶಿಣದ ವ್ಯಾಪಾರ.

ರಾಜರ ಕಾಲವದು, ನಾನು ಹೊಸ ಸೊಸೆ. ಯಾರಾದರೂ ಮುಖ ಮುಚ್ಚಿ ಮಲಗಿದರೆ ಕಾಕಾ ಹೊದಿಕೆಯನ್ನು ಸರಕ್ಕನೆ ಎಳೆಯುತ್ತಿದ್ದರು. ಒಮ್ಮೆ ಮಿರಜಿನ ಬೀಗರು ಮಧ್ಯಾಹ್ನ ಉಂಡು ಮುಖದ ಮೇಲೆ ಧೋತರ ಹೊದ್ದು ಮಲಗಿದ್ದರು. ಕಾಕಾ ಅದನ್ನೂ ಎಳೆದರು!

"ಕಳ್ಳ! ಕಳ್ಳ!"

"ಕಳ್ಳ ಅಲ್ರೀ, ಗಾಳಿ!"

ಬೀಗರು ಮತ್ತೆ ನಮ್ಮಲ್ಲಿ ಮಲಗಲಿಲ್ಲ.

ಈ ಚಿಂತೆ ಸುಮ್ಮನೆ ಹುಟ್ಟಿದ್ದಲ್ಲ. ನಮ್ಮ ಅರಿಶಿಣವೆಲ್ಲ ಹರಿಪುರದ ಹಗೇವಿನಲ್ಲಿರುತ್ತಿತ್ತು. ಹಗೇವೆಂದರೆ ನೆಲದೊಳಗೆ ತೋಡಿದ, ಸಣ್ಣ ಬಾಯಿ, ದೊಡ್ಡ ಹೊಟ್ಟೆಯ ಕುಣಿ. ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ಒಳಗಿನ ಪ್ರಾಣವಾಯು ತೀರಿ ಹುಳ ಸಾಯುತ್ತವೆ, ಅರಿಶಿಣ ಉಳಿಯುತ್ತದೆ. ತೆರೆದ ಕೂಡಲೇ ಇಳಿದ ಮನುಷ್ಯನ ಗತಿಯೂ ಹುಳದ್ದೇ! ಅದಕ್ಕೇ ಮೊದಲು ಕಂದೀಲು ಇಳಿಬಿಡುವ ಪದ್ಧತಿ. ಅದು ಆರಿದರೆ ಯಾರೂ ಇಳಿಯುವಂತಿಲ್ಲ.

ಸಾಲದ್ದಕ್ಕೆ, ಅರಿಶಿಣ ಕೊಳ್ಳಲು ಬಂದ ಕಾಲೇಜಿನ ಮಾಸ್ತರರೊಬ್ಬರು ಕಾಕಾನ ಕಿವಿಯಲ್ಲಿ ಇನ್ನೊಂದು ಹುಳ ಬಿಟ್ಟರು. ಭೂಮಿಯಲ್ಲಿ ಮೊದಲು ಪ್ರಾಣವಾಯುವೇ ಇರಲಿಲ್ಲವಂತೆ, ಆದರೂ ಜೀವಿಗಳಿದ್ದವಂತೆ. ಅವುಗಳ ವಂಶ ಈಗಲೂ ಹೊಳೆಯ ಕೆಸರಿನಲ್ಲಿ, ಎಮ್ಮೆಯ ಹೊಟ್ಟೆಯಲ್ಲಿ ಸುಖವಾಗಿದೆಯಂತೆ. ಸತ್ತ ಎಲೆ, ಸಗಣಿ ಕೊಳೆಸಿ ಮತ್ತೆ ಮಣ್ಣಿಗೆ ಸೇರಿಸುವುದರಲ್ಲಿ ಅವುಗಳ ಕೈಯೂ ಇದೆಯಂತೆ. ಗಾಳಿ ತಗುಲಿದರೆ ಮಾತ್ರ ಸಾಯುತ್ತವಂತೆ! ಕಾಕಾ ಅಂದು ಊಟಕ್ಕೆ ಕುಳಿತವರು ತುತ್ತು ಎತ್ತಲಿಲ್ಲ.

"ಕೆಸರು ಕಲಕಿದ್ರ ಅವು ಸಾಯ್ತಾವ. ಅವು ಸತ್ರ ಕೊಳಸಾವ್ರ್ಯಾರು? ಕೊಳೀಲಿಲ್ಲಂದ್ರ ಬೆಳೀ ಬರೂದು ಹ್ಯಾಂಗ?"

"ಕಾಕಾ, ರೊಟ್ಟಿ ತಿನ್ರಿ. ಎಮ್ಮಿ ಹೊಟ್ಟಿ ಎಮ್ಮಿ ನೋಡ್ಕೋತೈತಿ" ಎಂದರು ನಿಮ್ಮ ಅಜ್ಜ.

ಅಂದಿನಿಂದ ಕಾಕಾ ಹೊಳೆಯಲ್ಲಿ ಕೆಸರು ತುಳಿಯದೆ ಕಲ್ಲಿಂದ ಕಲ್ಲಿಗೆ ಜಿಗಿಯತೊಡಗಿದರು. ಜಾರಿ ಬಿದ್ದು ಎಷ್ಟು ಜೀವ ತೆಗೆದರೋ!

ಆ ವರ್ಷ ಹಗೇವು ತೆರೆದ ದಿನ ನಾನು ಬುತ್ತಿ ಒಯ್ದಿದ್ದೆ. ಕಂದೀಲು ಇಳಿಯಿತು, ಆರಿತು. ಮತ್ತೆ ಇಳಿಯಿತು, ಮತ್ತೆ ಆರಿತು. ಗಾಡಿ ತಂದಿದ್ದ ವ್ಯಾಪಾರಿ ಗೊಣಗತೊಡಗಿದ. ನಿಮ್ಮ ಅಜ್ಜ ಬೇಸತ್ತು ನಡುವಿಗೆ ಹಗ್ಗ ಕಟ್ಟಿಕೊಂಡರು.

"ಏನಾಗೂದಿಲ್ಲ, ಇಳೀತೀನಿ."

ಬೇಡ ಎನ್ನಬೇಕೆಂದಿದ್ದೆ. ಹಿರಿಯರ ಮುಂದೆ ಬಾಯಿ ಬಿಡುವ ಧೈರ್ಯ ನನಗೆಲ್ಲಿತ್ತು? ಅಷ್ಟರಲ್ಲಿ ಕಾಕಾ ಹೋಗಿ ಹಗೇವಿನ ಬಾಯಿಯ ಮೇಲೆಯೇ ಕುಳಿತುಬಿಟ್ಟರು!

"ನೀವು ಕುಂತ್ರ ಒಳಗ ಗಾಳಿ ಹ್ಯಾಂಗ ಹೋಗ್ಬೇಕ್ರಿ?" ಎಂದ ವ್ಯಾಪಾರಿ.

ಕಾಕಾ ಬೆಂಕಿ ತುಳಿದವರಂತೆ ಎದ್ದರು.

ಬಿಸಿಲು ಇಳಿಯುವ ಹೊತ್ತಿಗೆ ಕಂದೀಲು ಆರದೆ ಉಳಿಯಿತು. ಆಗ ಕಾಕಾ ನಿಮ್ಮ ಅಜ್ಜನ ನಡುವಿನ ಹಗ್ಗ ಬಿಚ್ಚಿ ತಾವು ಕಟ್ಟಿಕೊಂಡರು.

"ಮೊದಲ ನಾ ಇಳೀತೀನಿ. ಇದ್ದೇನಿ ಅಂತ ಒದರ್ತಿರ್ತೀನಿ. ದನಿ ನಿಂತ್ರ ಎಳೀರಿ."

ಕಾಕಾ ಇಳಿದರು. "ಇದ್ದೇನಿ!... ಇದ್ದೇನಿ!"

ದನಿ ಸಣ್ಣದಾಗುತ್ತ ಹೋಯಿತು. ಆಮೇಲೆ ಏನೂ ಕೇಳಿಸಲಿಲ್ಲ. ನಿಮ್ಮ ಅಜ್ಜ ಹಗ್ಗ ಜಗ್ಗತೊಡಗಿದರು. ನಾನು ಸೆರಗು ಜಾರಿದ್ದನ್ನೂ ಮರೆತು ಹಗೇವಿನೊಳಗೆ ಬಗ್ಗಿ, "ಕಾಕಾ!" ಎಂದು ಕಿರುಚಿದೆ.

"ಇದ್ದೇನವ್ವಾ, ಅಳಬ್ಯಾಡ. ಮೂಲಿ ಮೂಲಿಗೆ ನಿಂತು ಉಸಿರು ಎಳದು ನೋಡಾಕತ್ತಿದ್ದೆ. ಛಲೋ ಐತಿ. ಇನ್ನ ನಿನ್ನ ಗಂಡನ್ನ ಕಳಸು."